ವಸಂತದ ಟರ್ಕಿ ಬೇಟೆಗೆ ಕರೆ ಬಂದವರಿಗೆ

ಪ್ರಿಯ ಮಿತ್ರರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಟೆಕ್ಸಸ್‌ನ ಆಸ್ಟಿನ್‌ಗೆ ಬಂದು ಎಂಟು ತಿಂಗಳಾಯಿತೆಂದೂ, ಏಪ್ರಿಲ್‌ನಲ್ಲಿ ಕರ್‌ವಿಲ್ ಕಡೆಯ ರ್‍ಯಾಂಚ್ (ದನಕರು ಸಾಕುವ ವಿಶಾಲ ಜಮೀನು) ಒಂದರಲ್ಲಿ ನಡೆಯುವ ಮೂರು ದಿನಗಳ ಟರ್ಕಿ ಬೇಟೆಗೆ, ಅಂದರೆ ಕಾಡಿನ ಟರ್ಕಿ ಕೋಳಿಯ ಬೇಟೆಗೆ, ನಿಮ್ಮ ಮ್ಯಾನೇಜರ್ ತಂಡದ ನಾಲ್ವರನ್ನು ಕರೆದಿದ್ದಾರೆಂದೂ, ಗೈಡ್ ಜೊತೆಗಿರುತ್ತಾನೆ, ಬಂದೂಕನ್ನು ಅವರೇ ಕೊಡುತ್ತಾರೆ, ಮನಸ್ಸಿದ್ದವರು ಆಕ್ಸಿಸ್ ಜಿಂಕೆಯನ್ನೋ ಬ್ಲ್ಯಾಕ್‌ಬಕ್ಕನ್ನೋ ಹೊಡೆಯಬಹುದು ಎಂದು ಹೇಳಿದ್ದಾರೆಂದೂ ಬರೆದಿದ್ದೀರಿ. ಎಚ್-1ಬಿ ವೀಸಾದವನು ಹೋಗಬಹುದೇ, ಖರ್ಚು ಎಷ್ಟು, ಹೋಗಿ ಹೊಡೆಯದೆ ಕುಳಿತರೆ ಅವರು ಏನೆಂದುಕೊಂಡಾರು ಎಂಬುದು ನಿಮ್ಮ ಮೂರು ಪ್ರಶ್ನೆಗಳು. ಸ್ಯಾನ್ ಆಂಟೋನಿಯೋದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿದ ನಾನು ಪ್ರತಿ ವಸಂತದಲ್ಲಿ ಟರ್ಕಿ ಬೇಟೆಗೆ ಹೋಗುವವನಾದ್ದರಿಂದ, ಈ ಮೂರಕ್ಕೂ ತಿಳಿದಷ್ಟು ಉತ್ತರ ಕೊಡುತ್ತೇನೆ. ನೀವು ಹಕ್ಕಿಯ ಬಗ್ಗೆ ಚಿಂತಿಸುತ್ತಿದ್ದೀರಿ. ನಾನು ಮೊದಲು ಚಿಂತಿಸುವುದು ಬಂದೂಕಿನ ಬಗ್ಗೆ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಬಂದವರು, ಅಂದರೆ ಎಚ್-1ಬಿ, ಎಲ್-1 ಉದ್ಯೋಗ ವೀಸಾದವರು, ಎಫ್-1 ವಿದ್ಯಾರ್ಥಿ ವೀಸಾದವರು ಮತ್ತು ಅವರ ಅವಲಂಬಿತರು, ಬಂದೂಕನ್ನಾಗಲಿ ತೋಟಾವನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಒದಗಿಬರುವುದು ಅವುಗಳಲ್ಲಿ ಒಂದೇ. ಈ ದೇಶದ ಯಾವುದಾದರೂ ರಾಜ್ಯ ಕೊಟ್ಟಿರುವ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಆ ನಿಷೇಧ ನಿಮಗೆ ತಗಲುವುದಿಲ್ಲ. ನಿಮ್ಮ ಮ್ಯಾನೇಜರಿಗೆ ಲೈಸೆನ್ಸ್ ಎಂದರೆ ಬೇಟೆಯಾಡಲು ಕೊಡುವ ಪರವಾನಗಿ ಅಷ್ಟೇ, ಅದಿಲ್ಲದೆ ಸಿಕ್ಕಿಬಿದ್ದರೆ ಅವರು ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ನಿಮಗಾದರೋ ಬಂದೂಕು ಮುಟ್ಟುವ ಅರ್ಹತೆಯೇ ಆ ಚೀಟಿಯಿಂದ ಬರುತ್ತದೆ, ಅದಿಲ್ಲದಿದ್ದರೆ ಹದಿನೈದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಗುತ್ತದೆ, ಶಿಕ್ಷೆಯಾದರೆ ಗಡೀಪಾರೂ ಅದರ ಬೆನ್ನಿಗೇ ಬರುತ್ತದೆ. ವಶ ಎಂದರೆ ಕೊಂಡು ಮನೆಯಲ್ಲಿಡುವುದು ಮಾತ್ರವಲ್ಲ. ‘ಒಂದು ಸಲ ಹಿಡಿದು ನೋಡು’ ಎಂದು ಗೆಳೆಯ ಚಾಚಿದ ಬಂದೂಕನ್ನು ಕೈಗೆ ತೆಗೆದುಕೊಳ್ಳುವುದೂ ಅದರೊಳಗೆ ಬರಬಹುದು. ಗ್ರೀನ್ ಕಾರ್ಡ್ ಬಂದ ಮೇಲೆ ಈ ತೊಡಕಿಲ್ಲ. ನಿಮ್ಮ ವೀಸಾ ಕಾಗದಗಳಲ್ಲಿ ಬೇರೆ ಏನಾದರೂ ಬಾಕಿ ಇದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಇಲ್ಲಿಗೆ ಬಂದ ಎರಡನೆಯ ವರ್ಷ ಸಹೋದ್ಯೋಗಿಯೊಬ್ಬರ ಮಾವನ ರ್‍ಯಾಂಚಿಗೆ ಹೋಗಿದ್ದಾಗ ಬೇಲಿಯ ಮೇಲೆ ಸಾಲಾಗಿ ಇಟ್ಟ ಖಾಲಿ ಡಬ್ಬಿಗಳಿಗೆ ಗುಂಡು ಹೊಡೆದು, ಎಂಟರಲ್ಲಿ ಮೂರು ಬಿದ್ದವೆಂದು ಊರಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಆಗ ನನ್ನ ಬಳಿ ಲೈಸೆನ್ಸ್ ಇರಲಿಲ್ಲ, ಬೇಕೆಂದು ತಿಳಿದೂ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಬೇಟೆಯ ತರಗತಿಯಲ್ಲಿ ಪಾಠ ಹೇಳುವವರು ಈ ನಿಯಮವನ್ನು ಮಾತಿನ ನಡುವೆ ಪ್ರಸ್ತಾಪಿಸಿದಾಗ ನನ್ನ ಕೈಕಾಲು ತಣ್ಣಗಾದವು. ಏನೂ ಆಗಲಿಲ್ಲ ಎನ್ನುವುದು ನನ್ನ ಅದೃಷ್ಟ, ಜಾಣತನವಲ್ಲ.

ಲೈಸೆನ್ಸ್ ಪಡೆಯುವುದು ಕಷ್ಟವಲ್ಲ. ಟೆಕ್ಸಸ್‌ನಲ್ಲಿ ಆರು ತಿಂಗಳು ಸತತವಾಗಿ ವಾಸವಿದ್ದವರು ನಿವಾಸಿಗಳೆಂದೇ ಲೆಕ್ಕ. ನೀವು ಆ ಗಡಿ ದಾಟಿದ್ದೀರಿ. ನಿವಾಸಿಗಳ ಲೈಸೆನ್ಸಿಗೆ 25 ಡಾಲರ್, ಟರ್ಕಿಯಂಥ ಹಕ್ಕಿಗಳಿಗೆ ಬೇಕಾದ ಹೆಚ್ಚುವರಿ ಅನುಮತಿಗೆ 7 ಡಾಲರ್. ಹೊರರಾಜ್ಯದವರಾದರೆ ಬರಿಯ ವಸಂತದ ಟರ್ಕಿ ಲೈಸೆನ್ಸಿಗೇ 126 ಡಾಲರ್ ಕೊಡಬೇಕಾಗುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರೆಲ್ಲ ಬೇಟೆಯ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಅದನ್ನು ಒಂದು ವರ್ಷಕ್ಕೆ ಮುಂದೂಡುವ ಅವಕಾಶವನ್ನು ಹತ್ತು ಡಾಲರಿಗೆ ಕೊಡುತ್ತಾರಾದರೂ ದಯವಿಟ್ಟು ಅದನ್ನು ಬಳಸಬೇಡಿ. ಹದಿನೇಳು ತುಂಬಿದವರು ಆನ್‌ಲೈನಿನಲ್ಲೇ ಕೋರ್ಸ್ ಮುಗಿಸಬಹುದು, ಮತ್ತು ಎಂದೂ ಕೋವಿ ಹಿಡಿಯದ ನಮ್ಮಂಥವರಿಗೆ ಅದು ನಿಜಕ್ಕೂ ಬೇಕು. ಲೈಸೆನ್ಸನ್ನು ಕಾಗದದ ರೂಪದಲ್ಲೇ ಪಡೆಯಿರಿ. ಅದಕ್ಕೆ ಅಂಟಿಕೊಂಡೇ ಟರ್ಕಿಯ ಟ್ಯಾಗ್‌ಗಳಿರುತ್ತವೆ. ಹಕ್ಕಿ ಬಿದ್ದ ಕೂಡಲೇ ದಿನಾಂಕ ಗುರುತಿಸಿ ಟ್ಯಾಗನ್ನು ಅದಕ್ಕೆ ಕಟ್ಟಬೇಕು. ಯಾವ ತಿಂಗಳಲ್ಲಿ ಕೊಂಡರೂ ಈ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಮರುದಿನದಿಂದ ನೀವು ಮತ್ತೆ ಬಂದೂಕು ಮುಟ್ಟಬಾರದವರು.

ಇನ್ನು ಖರ್ಚು. ಟೆಕ್ಸಸ್‌ನ ನೆಲದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಖಾಸಗಿಯವರದು. ಹೀಗಾಗಿ ಇಲ್ಲಿ ಬೇಟೆಯೆಂದರೆ ಯಾರದೋ ಜಮೀನಿನಲ್ಲಿ ದುಡ್ಡು ಕೊಟ್ಟು ಆಡುವುದು. ಊಟ, ವಸತಿ, ಗೈಡ್ ಸೇರಿಸಿ ದಿನದ ಲೆಕ್ಕದಲ್ಲೋ ಹಕ್ಕಿಯ ಲೆಕ್ಕದಲ್ಲೋ ದರ ಹೇಳುತ್ತಾರೆ, ಆಕ್ಸಿಸ್, ಬ್ಲ್ಯಾಕ್‌ಬಕ್‌ನಂಥ ಹೊರದೇಶದ ಪ್ರಾಣಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ದರಪಟ್ಟಿ ಇರುತ್ತದೆ. ನಿಮ್ಮ ಮ್ಯಾನೇಜರ್ ಕೊಡುವುದು ಯಾವುದನ್ನು, ನಿಮ್ಮ ಪಾಲಿಗೆ ಬರುವುದು ಯಾವುದು ಎಂಬುದನ್ನು ಸಂಕೋಚವಿಲ್ಲದೆ ಮೊದಲೇ ಕೇಳಿ. ಹಣದ ವಿಚಾರ ಬಾಯಿಬಿಟ್ಟು ಕೇಳುವುದನ್ನು ಇಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ. ಗೈಡಿಗೆ ಕೊಡುವ ಟಿಪ್ಸು, ಮಾಂಸ ಕತ್ತರಿಸಿ ಕಟ್ಟಿಕೊಡುವ ಕೂಲಿ, ತಲೆಯನ್ನು ಗೋಡೆಗೆ ಸಿದ್ಧಮಾಡಿಸುವ ಖರ್ಚು ಇವು ಸಾಮಾನ್ಯವಾಗಿ ದರದಲ್ಲಿ ಸೇರಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಕಲಮು ಒಪ್ಪಂದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ದರ ಕೊಡಬೇಕು. ಒಂದು ತೊಟ್ಟು ರಕ್ತ ನೆಲಕ್ಕೆ ಬಿದ್ದರೆ ನಿಮ್ಮ ದುಡ್ಡೂ ಬಿದ್ದಂತೆ. ನಾನು ಒಮ್ಮೆ ಹೀಗೆ ಸಿಗದ ಜಿಂಕೆಗೆ ಹಣ ತೆತ್ತಿದ್ದೇನೆ. ಸಂಜೆಯವರೆಗೆ ಹುಡುಕಿದ್ದಕ್ಕೆ ಹತ್ತಿಪ್ಪತ್ತು ಮುಳ್ಳುಗಳು ಮಾತ್ರ ಕೈಗೆ ಬಂದವು. ರ್‍ಯಾಂಚಿಗೆ ಎತ್ತರದ ಬೇಲಿ ಹಾಕಿದ್ದಾರೆಯೇ, ಹಾಕಿದ್ದರೆ ಒಳಗೆ ಎಷ್ಟು ಎಕರೆ ಇದೆ, ಹೊತ್ತಿಗೆ ಸರಿಯಾಗಿ ಮೆಕ್ಕೆಜೋಳ ಚೆಲ್ಲುವ ಯಂತ್ರದ ಎದುರು ಕೂರಿಸುತ್ತಾರೆಯೇ ಎಂದೂ ಕೇಳಿ. ಅದು ಅಲ್ಲಿ ಕಾನೂನಿಗೆ ವಿರುದ್ಧವಲ್ಲ, ಆದರೆ ಕಾಳು ಚೆಲ್ಲಿದ ಜಾಗದಲ್ಲಿ ಕೋಳಿ ಹೊಡೆಯಲು ಇಷ್ಟು ದೂರ ಯಾಕೆ ಬರಬೇಕು ಎನ್ನುವುದು ನನ್ನ ಅಭಿಪ್ರಾಯ.

ಟರ್ಕಿಯನ್ನು ಕರೆದು ಬರಿಸುವುದೇ ಈ ಬೇಟೆಯ ರುಚಿ. ನನ್ನ ಮೊದಲ ಬೆಳಗು ಜಂಕ್ಷನ್ ಊರಿನ ಹತ್ತಿರ, ಲಾನೋ ನದಿಯ ದಂಡೆಯಲ್ಲಿ ನಡೆಯಿತು. ಇನ್ನೂ ಕತ್ತಲಿರುವಾಗ ಗೈಡ್ ನಿಂತು ಬಾಯಿಗೆ ಕೈ ಹಿಡಿದು ಗೂಬೆಯಂತೆ ಕೂಗಿದ. ನದಿಯ ಪಕ್ಕದ ಪೆಕಾನ್ ಮರಗಳ ಮೇಲೆ ರಾತ್ರಿ ಕಳೆದಿದ್ದ ಹುಂಜಗಳು ರೇಗಿದಂತೆ ಒಟ್ಟಿಗೆ ಗುಳುಗುಳು ಎಂದು ಉತ್ತರ ಕೊಟ್ಟವು, ಎಲ್ಲಿವೆಯೆಂದು ನಮಗೆ ತಿಳಿಯಿತು. ನಮ್ಮ ಹೆಗಲಿಗಿಂತ ಅಗಲವಾದ ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು ಕುಳಿತೆವು, ಎದುರಿಗೆ ಇಪ್ಪತ್ತು ಗಜ ದೂರದಲ್ಲಿ ಗೈಡ್ ರಬ್ಬರಿನ ಹೇಟೆಯೊಂದನ್ನು, ಅಂದರೆ ಹೆಣ್ಣು ಟರ್ಕಿಯ ಗೊಂಬೆಯನ್ನು, ನೆಟ್ಟಿದ್ದ. ಬೆಳಕು ಹರಿದ ಮೇಲೆ ಗೈಡ್ ಅಂಗೈಯಗಲದ ದುಂಡನೆಯ ಸ್ಲೇಟನ್ನು ತೆಗೆದು ಅದರ ಮೇಲೆ ಕಡ್ಡಿಯಿಂದ ಸಣ್ಣ ವೃತ್ತಗಳನ್ನು ಎಳೆಯತೊಡಗಿದ. ಅದು ನಮ್ಮ ಪ್ರಾಥಮಿಕ ಶಾಲೆಯಲ್ಲಿ ಪಾಟಿಯ ಮೇಲೆ ಬಳಪ ಕಿರುಗುಟ್ಟುವ ಸದ್ದೇ; ಹುಂಜಕ್ಕೆ ಅದು ಹೇಟೆಯ ಕರೆ. ಕಾಲು ಗಂಟೆ ಕಳೆದಿರಬೇಕು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಒರೆಸುತ್ತಾ, ಎದೆಯ ಮೇಲೆ ಕುದುರೆಯ ಬಾಲದ ಕೂದಲಿನಂಥ ಗಡ್ಡ ತೂಗಾಡಿಸುತ್ತಾ ಒಂದು ಹುಂಜ ಬಂದಿತು. ಅದರ ತಲೆ ಒಂದು ಕ್ಷಣ ಕೆಂಪಾಗಿ, ಮರುಕ್ಷಣ ಬಿಳಿಚಿಕೊಂಡು, ಕೆನ್ನೆಯಲ್ಲಿ ನೀಲಿ ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಿ ನಾನು ಕುಳಿತಿದ್ದ ಕಡೆ ಬೆಂಕಿ ಇರುವೆಯ ಗೂಡಿತ್ತೆಂಬುದು ನನ್ನ ತೊಡೆಗೆ ತಿಳಿಯಿತು. ಬೆರಳು ಒಂದಂಗುಲ ಆಡಿದ್ದಷ್ಟೇ. ‘ಪುಟ್’ ಎಂಬ ಒಂದೇ ಸದ್ದು, ಹಕ್ಕಿ ಪೊದೆಯ ಹಿಂದೆ ಮಾಯವಾಯಿತು. ಮುಂದಿನ ವರ್ಷದವರೆಗೆ ನನಗೆ ಟರ್ಕಿ ಸಿಗಲಿಲ್ಲ.

ಆದ್ದರಿಂದ ಕೂರುವ ಮೊದಲು ನೆಲ ನೋಡಿ. ಏಪ್ರಿಲ್‌ನಲ್ಲಿ ಬುಡುಬುಡಿಕೆ ಹಾವುಗಳೂ ರಕ್ತ ಹೀರುವ ಉಣ್ಣೆಹುಳುಗಳೂ ಹೊರಗೆ ಬಂದಿರುತ್ತವೆ. ತಲೆಯಿಂದ ಕಾಲಿನವರೆಗೆ ಎಲೆ ಬಣ್ಣದ ಬಟ್ಟೆಯಿರಲಿ, ಕೈಗೂ ಮುಖಕ್ಕೂ ಮುಸುಕಿರಲಿ. ಕೆಂಪು, ಬಿಳಿ, ನೀಲಿ ಬಣ್ಣದ ಕರವಸ್ತ್ರವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಅವು ಹುಂಜದ ತಲೆಯ ಬಣ್ಣಗಳು, ಪೊದೆಯ ಆಚೆ ಕುಳಿತ ಇನ್ನೊಬ್ಬ ಬೇಟೆಗಾರನಿಗೆ ನೀವೇ ಹುಂಜವಾಗಿ ಕಂಡೀರಿ. ನಲವತ್ತು ಗಜದೊಳಗೆ ಬಂದ ಹಕ್ಕಿಗೆ ಮಾತ್ರ ತಲೆ ಕುತ್ತಿಗೆಗೆ ಗುರಿಯಿಟ್ಟು ಚರೆ ಹೊಡೆಯುವುದು ವಾಡಿಕೆ. ಗೈಡ್ ಹೇಳುವವರೆಗೆ ಕೋವಿಯ ಕುದುರೆಗೆ (ಟ್ರಿಗರ್‌ಗೆ) ಬೆರಳು ತಾಗಿಸಬೇಡಿ. ಹಿಂದಿನ ಶತಮಾನದ ಆರಂಭದಲ್ಲಿ ಎಷ್ಟೋ ರಾಜ್ಯಗಳಲ್ಲಿ ಈ ಹಕ್ಕಿ ಅಳಿದುಹೋಗಿತ್ತು. ಬಲೆ ಹಾರಿಸಿ ಹಿಡಿದು ಕಾಡಿನಿಂದ ಕಾಡಿಗೆ ಸಾಗಿಸಿ ಅದನ್ನು ಮತ್ತೆ ನೆಲೆಗೊಳಿಸಿದರು. 1937ರ ಕಾಯ್ದೆಯಂತೆ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ಹಾಕುವ ಶೇಕಡಾ 11ರ ತೆರಿಗೆ ಇಂಥ ಕೆಲಸಕ್ಕೇ ಸಲ್ಲುತ್ತದೆ. ಇಲ್ಲಿನ ಬೇಟೆಗಾರರು ಸಂರಕ್ಷಣೆಯ ಮಾತಾಡಿದರೆ ಬೂಟಾಟಿಕೆಯೆಂದು ತಿಳಿಯಬೇಡಿ.

ಈಗ ಆ ದರಪಟ್ಟಿಯ ಪ್ರಾಣಿಗಳಿಗೆ ಬರೋಣ. ಆಕ್ಸಿಸ್ ಎಂದರೆ ಬಂಡೀಪುರದಲ್ಲಿ ನೀವು ಕಂಡ ಚುಕ್ಕೆ ಜಿಂಕೆಯೇ, ಬ್ಲ್ಯಾಕ್‌ಬಕ್ ಎಂದರೆ ಕೃಷ್ಣಮೃಗ. ಎರಡನ್ನೂ 1932ರ ಸುಮಾರಿಗೆ ಕರ್‌ವಿಲ್ ಸುತ್ತಿನ ಈ ಗುಡ್ಡನಾಡಿಗೆ ತಂದು ಬಿಟ್ಟರು, ದಕ್ಷಿಣ ಟೆಕ್ಸಸ್‌ನ ಕಿಂಗ್ ರ್‍ಯಾಂಚಿನ ಸುತ್ತ ನೀಲಗಾಯಿಯೂ ಇದೆ. ರಾಜ್ಯದ ಲೆಕ್ಕದಲ್ಲಿ ಇವು ಕಾಡುಪ್ರಾಣಿಗಳಿಗಿಂತ ಹೆಚ್ಚಾಗಿ ಮಾಲೀಕನ ಸಾಕುಪ್ರಾಣಿಗಳಂತೆ: ಜಮೀನಿನವನ ಒಪ್ಪಿಗೆಯಿದ್ದರೆ ವರ್ಷವಿಡೀ ಹೊಡೆಯಬಹುದು, ಇಷ್ಟೇ ಎಂಬ ಮಿತಿಯಿಲ್ಲ, ಬೇಟೆಯ ಲೈಸೆನ್ಸ್ ಮಾತ್ರ ಬೇಕು. ಟರ್ಕಿಯ ಜೊತೆಗೆ ಇವನ್ನು ಸೇರಿಸಿ ಮಾರುವುದು ಅದಕ್ಕೇ.

ನಾನು ರಾಣೆಬೆನ್ನೂರು ತಾಲ್ಲೂಕಿನವನು. ನಮ್ಮ ಕಡೆ ಕೃಷ್ಣಮೃಗವನ್ನು ಚಿಗರಿ ಎನ್ನುತ್ತೇವೆ. 1974ರಲ್ಲಿ ಅವಕ್ಕಾಗಿಯೇ ಅಲ್ಲಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಆ ಪ್ರಾಣಿಯ ಮೇಲೆ ಯಾರೂ ಕೈಯೆತ್ತುವಂತಿಲ್ಲ. ನಾನು ಹುಡುಗನಾಗಿದ್ದಾಗ ಬೆಳೆಗೆ ನುಗ್ಗುವ ಚಿಗರಿಗಳನ್ನು ಓಡಿಸಲು ಅಪ್ಪನ ಜೊತೆ ಹೊಲದಲ್ಲಿ ಮಲಗಿ ಡಬ್ಬಿ ಬಡಿದದ್ದುಂಟು, ಬೈದದ್ದುಂಟು, ಕಲ್ಲು ಬೀಸಿದ್ದಿಲ್ಲ. ಇಲ್ಲಿ ಒಂದು ರ್‍ಯಾಂಚಿನ ಊಟದ ಕೋಣೆಯಲ್ಲಿ ತಿರುಚಿದ ಕೊಂಬಿನ ಅದೇ ಮುಖ ಗೋಡೆಯಿಂದ ಹೊರಚಾಚಿಕೊಂಡಿದ್ದನ್ನು ಕಂಡಾಗ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಹೊರಗೆ ನೋಡಿದರೆ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯಾದ ಮೆಸ್ಕೀಟ್, ಪಾಪಾಸುಕಳ್ಳಿ. ನಮ್ಮೂರಿನ ಬೀಳುಭೂಮಿಯೇ ಎದ್ದು ಬಂದಂತಿತ್ತು. ಪಾಕಿಸ್ತಾನದಲ್ಲಿ ಅಳಿದುಹೋಗಿದ್ದ ಕೃಷ್ಣಮೃಗವನ್ನು ಮರಳಿ ಬೆಳೆಸಲು ಟೆಕ್ಸಸ್‌ನಿಂದಲೇ ಪ್ರಾಣಿಗಳನ್ನು ಕಳಿಸಿದ್ದರು ಎಂಬುದೂ ನನಗೆ ಗೊತ್ತು, ದುಡ್ಡು ಹುಟ್ಟದಿದ್ದರೆ ರ್‍ಯಾಂಚಿನವರು ಅದನ್ನು ಸಾಕುತ್ತಿರಲಿಲ್ಲ ಎಂಬುದೂ ಗೊತ್ತು. ಆದರೂ ಚಿಗರಿಗೆ ನಾನು ಗುರಿಯಿಡುವುದಿಲ್ಲ. ಚುಕ್ಕೆ ಜಿಂಕೆಯನ್ನು ಹೊಡೆದಿದ್ದೇನೆ, ತಿಂದಿದ್ದೇನೆ. ನದಿಯ ದಂಡೆಗಳಲ್ಲಿ ಅವು ವಿಪರೀತ ಹೆಚ್ಚಿ ಇಲ್ಲಿನ ಬಿಳಿಬಾಲದ ಜಿಂಕೆಯ ಮೇವಿಗೆ ಕುತ್ತು ತಂದಿವೆ. ಇದರಲ್ಲಿ ತರ್ಕವಿಲ್ಲವೆಂದು ನನ್ನ ಮಗಳು ಹೇಳುತ್ತಾಳೆ, ಅವಳ ಮಾತು ಸರಿ.

ನೀವು ಏನನ್ನಾದರೂ ಹೊಡೆಯಿರಿ, ಬಿಡಿ. ಕೊಂಬನ್ನೋ ಚರ್ಮವನ್ನೋ ಭಾರತಕ್ಕೆ ಒಯ್ಯುವ ಯೋಚನೆ ಬೇಡ. ಸತ್ತ ಪ್ರಾಣಿಯ ಜೊತೆ ತೆಗೆದ ಚಿತ್ರವನ್ನು ಊರಿನ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಆ ಚಿತ್ರ ಕೈಯಿಂದ ಕೈಗೆ ಹೋಗುವಾಗ ಟೆಕ್ಸಸ್ ಎಂಬ ಹೆಸರು ದಾರಿಯಲ್ಲೇ ಉದುರಿಹೋಗುತ್ತದೆ, ಉತ್ತರ ಹೇಳಬೇಕಾದವರು ನಿಮ್ಮ ತಂದೆತಾಯಿ.

ಮಾಂಸದ ಬಗ್ಗೆ ಒಂದೇ ಮಾತು: ಕಾಡು ಟರ್ಕಿಯ ಎದೆಯನ್ನು ತೆಳ್ಳಗೆ ಕತ್ತರಿಸಿ ಹುರಿದರೆ ಚೆನ್ನ, ಕಾಲುಗಳು ನಾರು. ಇಲ್ಲಿನವರು ಎಷ್ಟೋ ಜನ ಕಾಲನ್ನು ಬಿಟ್ಟುಬಿಡುತ್ತಾರೆ; ಕೇಳಿ ಪಡೆದು ಕುಕ್ಕರಿನಲ್ಲಿ ಆರೇಳು ಕೂಗು ಕೂಗಿಸಿ ಖಾರ ಹಾಕಿ ಸಾರು ಮಾಡಿ.

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಹೊಡೆಯದೆ ಜೊತೆಗೆ ಬರುವವರಿಗೂ ಬಹಳಷ್ಟು ರ್‍ಯಾಂಚುಗಳಲ್ಲಿ ಜಾಗವಿದೆ, ದರವೂ ಕಡಿಮೆ. ನಿಮ್ಮ ಮ್ಯಾನೇಜರಿಗೆ ಈ ವಾರವೇ ‘ಬರುತ್ತೇನೆ, ಹಕ್ಕಿ ಬರುವುದನ್ನು ನೋಡುವ ಆಸೆಯಿದೆ, ಬಂದೂಕು ಬೇಡ’ ಎಂದು ಹೇಳಿ, ಅವರು ಬೇಸರಪಡುವುದಿಲ್ಲ. ಅಲ್ಲಿಗೆ ಹೋಗಿ ಕೊನೆಯ ಗಳಿಗೆಯಲ್ಲಿ ಹಿಂಜರಿದರೆ ಗೈಡಿನ ಒಂದು ಬೆಳಗು ಹಾಳಾಗುತ್ತದೆ, ಅದು ಮಾತ್ರ ಅವರಿಗೆ ಇಷ್ಟವಾಗದು. ಹಾಗೆ ಹೋಗುವುದಾದರೂ ಲೈಸೆನ್ಸ್ ಕೊಂಡೇ ಹೋಗಿ. ಮೂರು ದಿನ ಬಂದೂಕುಗಳ ನಡುವೆ ಇರುತ್ತೀರಿ. ‘ಇದನ್ನು ಒಂದು ನಿಮಿಷ ಹಿಡಿದಿರು, ಬೇಲಿ ದಾಟುತ್ತೇನೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.