ಎರಡೇ ತುತ್ತಿಗೆ ಹೊಟ್ಟೆ ಕಲ್ಲಾದರೆ

ಪ್ರಶ್ನೆ: ನನಗೆ 19 ವರ್ಷ, ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ವರ್ಷದಿಂದ ಊಟ ಕಡಿಮೆ ಮಾಡಿ ಬಹಳ ತೆಳ್ಳಗಾಗಿದ್ದೇನೆ; ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಅವ್ವ ಭಜ್ಜಿ, ಸಜ್ಜೆ ರೊಟ್ಟಿ ಬಡಿಸಿದರೆ ಎದೆ ಢವಢವ ಅಂದಿತು, ಕೈ ಬೆವೆತಿತು. ಎರಡೇ ತುತ್ತಿಗೆ ಹೊಟ್ಟೆ ಉಬ್ಬಿ ಕಲ್ಲಾಯಿತು. ಬೇವಿನ ಗಿಡದ ಹಿಂದೆ ಹೋಗಿ ಅತ್ತೆ. ಅಜ್ಜಿ ‘ನಾಟಕ’ ಅಂದಳು. ಆದರೆ ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತೇನೆ. ಏನಾಗಿದೆ ನನಗೆ?

ಉತ್ತರ: ನಾಟಕವಲ್ಲ ತಂಗಿ. ಬೇಕೆಂದಾಗ ಕೈ ಬೆವರಿಸಿಕೊಳ್ಳಲು ಯಾರಿಗೆ ಬರುತ್ತದೆ?

ಮೊದಲು ಆ ವಿಡಿಯೊ. 1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗವೊಂದಕ್ಕೆ ಗಟ್ಟಿಮುಟ್ಟಾದ 36 ಗಂಡಸರು ಒಪ್ಪಿ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಚಳಿ, ಸಿಡುಕು, ಮಂಕು ಎಲ್ಲ ಬಂತು. ಕೆಲವರಂತೂ ಅಡುಗೆ ಪುಸ್ತಕ ಹಿಡಿದು ಕೂತರು. ನಿನ್ನ ಕೈಯಲ್ಲಿ ಮೊಬೈಲ್, ಅಷ್ಟೇ.

ಉಣ್ಣುವುದು ಕಡಿಮೆಯಾದರೆ ಜಠರವೂ ನಿಧಾನವಾಗುತ್ತದೆ, ತಿಂದದ್ದು ಕೆಳಗಿಳಿಯಲು ತಡ. ಹೊಟ್ಟೆ ಉಬ್ಬುವುದು ಅದಕ್ಕೇ. ಹಾಗಾಗಿ ಅದು ‘ಸಾಕು’ ಎಂದರೆ ಸದ್ಯಕ್ಕೆ ನಂಬಬೇಡ. ಕ್ರಮವಾಗಿ ಉಣ್ಣುತ್ತ ಹೋದಂತೆ ಬಹುತೇಕರಿಗೆ ಇದು ಸರಿಹೋಗುತ್ತದೆ. ಎದೆ ಬಡಿತ ಮಾತ್ರ ಭಯದ್ದು, ಹಾವು ಕಂಡಾಗ ಆಗುವಂಥದ್ದೇ. ತಾಟು ಬಿಟ್ಟು ಎದ್ದ ಕೂಡಲೇ ಹಾಯೆನಿಸುತ್ತದಲ್ಲ, ಆ ಹಾಯೇ ಮರುದಿನವೂ ನಿನ್ನನ್ನು ತಾಟಿನ ಮುಂದಿಂದ ಎಬ್ಬಿಸುತ್ತದೆ.

ಹಾಗಂತ ನಾಳೆಯೇ ಹಟಕ್ಕೆ ಬಿದ್ದು ನಾಲ್ಕು ರೊಟ್ಟಿ ಉಣ್ಣಬೇಡ. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಈ ವಾರವೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗು. ನಾಡಿ, ಇಸಿಜಿ, ರಕ್ತಪರೀಕ್ಷೆ ಮೊದಲು; ಜೊತೆಗೇ ಮನೋವೈದ್ಯರು. ಮುಟ್ಟು ನಿಂತದ್ದನ್ನೂ, ವಾಂತಿ ಮಾಡಿಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡ. ಇದು ಅನೊರೆಕ್ಸಿಯಾ (ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ) ಹೌದೋ ಅಲ್ಲವೋ ಅವರು ಹೇಳುತ್ತಾರೆ. ತಲೆಸುತ್ತಿ ಬಿದ್ದರೆ ವಾರ ಕಾಯುವ ಮಾತೇ ಇಲ್ಲ, ಆಗಲೇ ಹೊರಡು. ಅಪರಾತ್ರಿಯಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ.

ಅಜ್ಜಿಯ ಮೇಲೆ ಸಿಟ್ಟು ಬೇಡ. ಬರ ಕಂಡ ತಲೆಮಾರಿಗೆ ತುಂಬಿದ ತಾಟಿನ ಮುಂದೆ ಅಳುವ ಮೊಮ್ಮಗಳು ಹೇಗೆ ಅರ್ಥವಾಗಬೇಕು? ಅವ್ವನಿಗೆ ಮಾತ್ರ ಹೇಳಿಡು: ‘ನಾ ಉಣ್ಣೂವಾಗ ತಾಟು ನೋಡ್ಬ್ಯಾಡ. ತೊಗರಿ ರೇಟಿನ ಸುದ್ದಿ ಹೇಳು. ಉಂಡ ಮ್ಯಾಲ ಅರ್ಧ ತಾಸು ನನ್ನ ಹತ್ರನೇ ಕುಂದ್ರು.’