ಕಿರ್ಗಿಸ್ತಾನದಲ್ಲಿ ದಿನಕ್ಕೆ 1,500 ಸಾಕಾ? ನನಗೆ ಸಾಕಾಗಿತ್ತು, ಕೊನೆಯ ದಿನ ಬಿಟ್ಟು

ದಿನಕ್ಕೆ 1,500 ರೂಪಾಯಿ. ಹನ್ನೆರಡು ದಿನ. ರಾಜಧಾನಿ ಬಿಷ್ಕೆಕ್, ಕಾರಾಕೋಲ್ ಪಟ್ಟಣ, ಸೋಂಗ್-ಕುಲ್ ಸರೋವರ, ಓಶ್ ನಗರ ನಾಲ್ಕೂ. ಕುದುರೆ ಬೇಡ, ಗೈಡ್ ಬೇಡ, ಟೆಂಟ್ ಹೊತ್ತುಕೊಂಡು ಹೋಗ್ತೀನಿ, ಆಗುತ್ತಾ? ನಿಮ್ಮ ಪ್ರಶ್ನೆ ಓದಿದಾಗ ನನ್ನ ಹಳೆಯ ನೋಟ್‌ಬುಕ್ ನಿಮ್ಮ ಕೈಗೆ ಹೇಗೆ ಸಿಕ್ಕಿತು ಅನ್ನಿಸಿತು. 2019ರ ಸೆಪ್ಟೆಂಬರ್‌ನಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ, ಇದೇ 1,500. ಓಶ್ ಒಂದನ್ನು ಹೊರಡುವ ಮೊದಲೇ ಕೈಬಿಟ್ಟಿದ್ದೆ, ಅಷ್ಟು ಬುದ್ಧಿ ಇತ್ತು.

ಆಗುತ್ತಾ ಅಂದರೆ, ಆಗ ಆಯಿತು. ಈಗ ಬೆಲೆ ಏರಿದೆ, ಜಾಸ್ತಿ ಇಟ್ಟುಕೊಳ್ಳಿ. ಆದರೆ ‘ದಿನಕ್ಕೆ ಎಷ್ಟು’ ಅನ್ನುವ ಲೆಕ್ಕವೇ ನನ್ನನ್ನು ಮುಳುಗಿಸಿದ್ದು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲು ಒಂದು ವಿಷಯ. ಅವರ ಸೋಮ್ ನಮ್ಮ ರೂಪಾಯಿಗೆ ಹೆಚ್ಚುಕಡಿಮೆ ಸಮ. ಆಗ ಡಾಲರ್‌ಗೆ ನಮ್ಮಲ್ಲೂ 70 ಚಿಲ್ಲರೆ, ಅಲ್ಲೂ 70ರ ಆಸುಪಾಸು. ಕೇಳೋಕೆ ಅನುಕೂಲ ಅನ್ನಿಸುತ್ತೆ ಅಲ್ವಾ? ಅನುಕೂಲ ಅಲ್ಲ, ಅದೇ ತೊಂದರೆ. ಯುರೋಪಿನವರಿಗೆ 400 ಸೋಮ್ ಅಂದರೆ ಐದು ಯುರೋ, ಒಂದು ಕಾಫಿ, ಮುಗೀತು. ನಮಗೆ 400 ಅಂದರೆ ನಾನೂರು ರೂಪಾಯಿ! ಪ್ರತಿ ಬೆಲೆಗೂ ಮನಸ್ಸು ತಕ್ಷಣ ಊರಿನ ಬೆಲೆ ಪಕ್ಕದಲ್ಲಿಟ್ಟು ತೂಗುತ್ತೆ. ದಾವಣಗೆರೆಯಲ್ಲಿ ಇಷ್ಟಕ್ಕೆ ಏನೆಲ್ಲ ಬರುತ್ತೆ ಅಂತ. ಮೊದಲ ವಾರ ನಾನು ಮಾಡಿದ್ದು ಇದೇ ಕೆಲಸ.

ಆ ವಾರ ಚೆನ್ನಾಗೇ ಹೋಯಿತು, ಬೇಗ ಹೇಳಿಬಿಡ್ತೀನಿ. ಬಿಷ್ಕೆಕ್‌ನಿಂದ ಕಾರಾಕೋಲ್‌ಗೆ ಸುಮಾರು 400 ಕಿಲೋಮೀಟರ್, ಮರ್ಶ್ರುತ್ಕಾದಲ್ಲಿ. ಮರ್ಶ್ರುತ್ಕಾ ಅಂದರೆ ನಮ್ಮ ಮ್ಯಾಕ್ಸಿಕ್ಯಾಬ್ ಅಂದುಕೊಳ್ಳಿ, ಸೀಟು ತುಂಬುವವರೆಗೂ ಅಲುಗಾಡಲ್ಲ. ಅರ್ಧ ದಾರಿ ಕಳೆದ ಮೇಲೆ ಇಸಿಕ್-ಕುಲ್ ಸರೋವರ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಸರೋವರ ಅದು, ಗಂಟೆಗಟ್ಟಲೆ ಕಿಟಕಿಯಾಚೆ ನೀಲಿ ಬಿಟ್ಟು ಬೇರೇನೂ ಇಲ್ಲ. ಕಾರಾಕೋಲ್‌ನಲ್ಲಿ ಅಶ್ಲ್ಯಾನ್-ಫು ತಿನ್ನಿ, ತಣ್ಣನೆಯ ಹುಳಿ ಖಾರದ ಶಾವಿಗೆ, ನಮ್ಮ ನಾಲಿಗೆಗೆ ತಕ್ಷಣ ಹತ್ತುತ್ತೆ. ಸಸ್ಯಾಹಾರಿ ಆಗಿದ್ದರೆ ‘ಬೇಜ್ ಮ್ಯಾಸಾ’ ಅಂತ ಹೇಳೋದು ಕಲಿಯಿರಿ, ಮಾಂಸ ಬೇಡ ಅಂತ. ಹೇಳಿದ ಮೇಲೂ ಕೆಲವರು ತುಂಡುಗಳನ್ನು ಮಾತ್ರ ಎತ್ತಿಟ್ಟು ಅದೇ ಸಾರು ಕೊಡ್ತಾರೆ, ತಮ್ಮ ಕಡೆಯಿಂದ ಉಪಕಾರವೇ ಮಾಡಿದ್ದೀವಿ ಅನ್ನೋ ಮುಖದಲ್ಲಿ. ಅಲ್ಲಿಂದ ಆಲಾ-ಕುಲ್ ಸರೋವರಕ್ಕೆ ಹತ್ತಿ, 3,900 ಮೀಟರ್ ಹತ್ತಿರದ ಕಣಿವೆ (ಬೆಟ್ಟ ದಾಟುವ ಎತ್ತರದ ದಾರಿ) ದಾಟಿ, ಆಲ್ತಿನ್ ಅರಾಶಾನ್‌ನ ಬಿಸಿನೀರಿನ ಬುಗ್ಗೆಗೆ ಇಳಿದೆ. ಮುಳ್ಳಯ್ಯನಗಿರಿ ನಮಗೆ ದೊಡ್ಡದು, 1,930 ಮೀಟರ್. ಅದರ ಎರಡರಷ್ಟು ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಹುಡುಕಬೇಕು. ಇದನ್ನು ಎಲ್ಲರೂ ಹೇಳ್ತಾರೆ, ನಾನು ಬೆಳೆಸಲ್ಲ.

ಒಂಬತ್ತನೇ ದಿನ ಕೊಚ್ಕೋರ್ ಕಡೆಯಿಂದ ಕಿಝಾರ್ಟ್ ಅನ್ನೋ ಹಳ್ಳಿಗೆ ಹೋಗಿ ಅಲ್ಲಿಂದ ಸೋಂಗ್-ಕುಲ್‌ಗೆ ನಡೆಯೋಕೆ ಶುರು ಮಾಡಿದೆ. ಬಹಳ ಜನ ಈ ದಾರಿಯನ್ನು ಎರಡು ದಿನ ಕುದುರೆ ಮೇಲೆ ಹೋಗ್ತಾರೆ. ನಾನು ಕಾಲ ಮೇಲೆ ಹೋದೆ, ಫೋನಿನ ಆಫ್‌ಲೈನ್ ನಕ್ಷೆ ನಂಬಿಕೊಂಡು. ಒಂದು ರಾತ್ರಿ ಕಿಲೆಮ್ಚೆಯ ಹುಲ್ಲುಗಾವಲಿನಲ್ಲಿ, ಮಾರನೇ ದಿನ ಕಣಿವೆ ದಾಟಿ ಗುರುವಾರ ಮಧ್ಯಾಹ್ನ ಸರೋವರ. ಸೋಂಗ್-ಕುಲ್ ನೀರು ಇರೋದೇ 3,016 ಮೀಟರ್‌ನಲ್ಲಿ. ಒಂದು ಮರ ಇಲ್ಲ. ಹುಲ್ಲು, ನೀರು, ಕುದುರೆ, ಆಕಾಶ. ಬೇಸಿಗೆಯಲ್ಲಿ ಮಾತ್ರ ಕುರುಬರು ದನಕರು ಹೊಡೆದುಕೊಂಡು ಮೇಲೆ ಬಂದು ಯರ್ಟ್, ಅಂದರೆ ಉಣ್ಣೆ ಹೊದಿಸಿದ ದುಂಡನೆಯ ಗುಡಾರ, ಹಾಕುತ್ತಾರೆ, ಚಳಿ ಶುರುವಾಗುತ್ತಿದ್ದ ಹಾಗೆ ಬಿಚ್ಚಿಕೊಂಡು ಇಳಿದುಬಿಡ್ತಾರೆ. ಸೆಪ್ಟೆಂಬರ್ ಅಂದರೆ ಬಿಚ್ಚುವ ಕಾಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ನಾನು ಉಳಿದ ಯರ್ಟ್‌ನ ಹೆಂಗಸನ್ನು ‘ಎಜೆ’ ಅಂತ ಕರೆಯುತ್ತಿದ್ದೆ, ಅಕ್ಕ ಅಂತ ಅರ್ಥ. ನಡುವೆ ತಗಡಿನ ಒಲೆ, ಅದಕ್ಕೆ ಬೆರಣಿ. ಹೌದು, ನಮ್ಮ ಅಜ್ಜಿ ತಟ್ಟುತ್ತಿದ್ದ ಬೆರಣಿಯೇ, ತಟ್ಟದೆ ಹಾಗೇ ಒಣಗಿಸಿದ್ದು. ಆ ಹೊಗೆ ಮೂಗಿಗೆ ಬಡಿದ ತಕ್ಷಣ ನನಗೆ ಹೊನ್ನಾಳಿಯ ಅಜ್ಜಿ ಮನೆ ಹಿತ್ತಿಲು ನೆನಪಾಯಿತು, ಮೂರು ಸಾವಿರ ಮೀಟರ್ ಎತ್ತರದಲ್ಲಿ, ಹೊರಗೆ ಗಾಳಿ ಶಿಳ್ಳೆ ಹೊಡೀತಿರುವಾಗ. ಮೇಲೆ ಹೊಗೆ ಹೋಗುವ ದುಂಡನೆಯ ಮರದ ಚೌಕಟ್ಟು, ತುಂಡುಕ್ ಅಂತಾರೆ, ಅವರ ದೇಶದ ಬಾವುಟದ ನಡುವೆ ಇರೋದು ಅದೇ. ಎಜೆ ಬಟ್ಟಲಲ್ಲಿ ಕುಮಿಸ್ ಕೊಟ್ಟಳು, ಹುದುಗಿಸಿದ ಕುದುರೆ ಹಾಲು. ಮೂರು ದಿನದ ಹುಳಿ ಮಜ್ಜಿಗೆಗೆ ಹೊಗೆ ಹಿಡಿಸಿದ ಹಾಗಿತ್ತು. ಅರ್ಧ ಕುಡಿದೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ನನ್ನ ವಿಮಾನ ಭಾನುವಾರ ಬೆಳಗಿನ ಜಾವ ಬಿಷ್ಕೆಕ್‌ನಿಂದ ದೆಹಲಿಗೆ, ಅಲ್ಲಿಂದ ಬೇರೆ ಟಿಕೆಟ್‌ನಲ್ಲಿ ಬೆಂಗಳೂರಿಗೆ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪಕ್ಕದ ಯರ್ಟ್‌ನಿಂದ ಒಂದು ಹಳೆಯ ವ್ಯಾನ್ ಕೊಚ್ಕೋರ್‌ಗೆ ಹೊರಟಿತ್ತು, ಇಬ್ಬರು ಪ್ರವಾಸಿಗರು, ಒಂದು ಸೀಟು ಖಾಲಿ. ಡ್ರೈವರ್ 1,200 ಸೋಮ್ ಅಂದ. ನಾನು 800 ಅಂದೆ. ಆತ ನಕ್ಕು ತಲೆ ಅಲ್ಲಾಡಿಸಿದ.

ಯಾಕೆ 800? ಬೆಳಗ್ಗೆಯಿಂದ ಅರ್ಧ ಗಂಟೆ ಕುದುರೆ ಸವಾರಿ, ಮಧ್ಯಾಹ್ನದ ಊಟ ಅಂತ 670 ಖರ್ಚಾಗಿತ್ತು. 1,500ರಲ್ಲಿ ಉಳಿದಿದ್ದು 830. ಅಷ್ಟೇ ಕಾರಣ. ಜೇಬಲ್ಲಿ ದುಡ್ಡು ಇರಲಿಲ್ಲ ಅಂತಲ್ಲ, ಇತ್ತು. ಆದರೆ ಹತ್ತು ದಿನದಿಂದ ಒಂದು ದಿನವೂ ಗೆರೆ ದಾಟಿರಲಿಲ್ಲ, ನೋಟ್‌ಬುಕ್‌ನ ಪ್ರತಿ ಪುಟದ ಕೆಳಗೂ ಒಂದು ಸರಿ ಗುರುತು ಹಾಕಿದ್ದೆ. ಹನ್ನೊಂದನೇ ಪುಟ ಹಾಳು ಮಾಡೋಕೆ ಮನಸ್ಸು ಬರಲಿಲ್ಲ. ಇನ್ನೂ ನಗು ಬರೋದು ಏನು ಗೊತ್ತಾ? ಅಲ್ಲೇ ಉಳಿದರೆ ಆ ರಾತ್ರಿಗೆ ಊಟ ಸೇರಿ 1,100 ಕೊಡಲೇಬೇಕು. ಅಂದರೆ ಉಳಿಯೋದೂ ಅಗ್ಗ ಅಲ್ಲ. ಆದರೆ ಈ ಸಲ ಯರ್ಟ್ ದುಡ್ಡು ಮಾರನೇ ಬೆಳಗ್ಗೆ ಕೊಟ್ಟರೆ ಅದು ಶನಿವಾರದ ಪುಟಕ್ಕೆ ಹೋಗುತ್ತೆ, ಶುಕ್ರವಾರ ಕ್ಷೇಮ! ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುವ ಮನುಷ್ಯ ನಾನು. ಈ ತಂತ್ರವನ್ನು ಬೇರೆ ಯಾರಾದರೂ ಮಾಡಿದ್ದರೆ ನಾನೇ ಹಿಡಿಯುತ್ತಿದ್ದೆ.

ಶನಿವಾರ ಬೆಳಗ್ಗೆ ಆರಕ್ಕೆ ಎದ್ದು ಕಿಝಾರ್ಟ್‌ಗೆ ಒಂದೇ ಉಸಿರಿಗೆ ಇಳಿದುಬಿಡ್ತೀನಿ, ಸಂಜೆಯೊಳಗೆ ಶೇರ್ ಟ್ಯಾಕ್ಸಿ ಹಿಡಿದು ರಾತ್ರಿ ಬಿಷ್ಕೆಕ್, ಅಲ್ಲಿಂದ ಸೀದಾ ವಿಮಾನ ನಿಲ್ದಾಣ, ಹಾಸ್ಟೆಲ್ ಖರ್ಚೂ ಉಳಿಯಿತು ಅಂತ ಯೋಜನೆ. ಕಾಗದದ ಮೇಲೆ ಒಂದು ಗಂಟೆಯೂ ವ್ಯರ್ಥವಾಗಿರಲಿಲ್ಲ.

ಡ್ರೈವರ್ ಹೊರಡುವ ಮೊದಲು ಇನ್ನೊಮ್ಮೆ ಕಿಟಕಿ ಇಳಿಸಿ, ಪಶ್ಚಿಮದ ಕಡೆ ಬೆರಳು ತೋರಿಸಿ ‘ಝಾವ್ತ್ರಾ ಸ್ನೇಗ್’ ಅಂದ. ಝಾವ್ತ್ರಾ ಅಂದರೆ ನಾಳೆ, ಅದು ಗೊತ್ತಿತ್ತು. ಸ್ನೇಗ್ ಗೊತ್ತಿರಲಿಲ್ಲ. ನಾನು ಕಲಿತಿದ್ದ ರಷ್ಯನ್ ಪದಗಳು ‘ಸ್ಕೋಲ್ಕೊ’, ಎಷ್ಟು, ‘ದೋರಗ’, ಜಾಸ್ತಿ ಆಯಿತು, ಇಂಥವೇ ಹತ್ತು. ನಾಳೆ ಯಾವುದೋ ಗಾಡಿ ಇದೆ ಅಂತಿದ್ದಾನೆ ಅಂದುಕೊಂಡು ‘ಝಾವ್ತ್ರಾ, ಝಾವ್ತ್ರಾ’ ಅಂತ ಕೈ ಬೀಸಿ ಕಳಿಸಿದೆ.

ಸ್ನೇಗ್ ಅಂದರೆ ಹಿಮ.

ಶನಿವಾರ ಬೆಳಗ್ಗೆ ಯರ್ಟ್ ಬಾಗಿಲಿನ ಉಣ್ಣೆ ಪರದೆ ಎತ್ತಿದರೆ ಹುಲ್ಲೇ ಕಾಣಲಿಲ್ಲ. ಗೇಣುದ್ದ ಹಿಮ ಬಿದ್ದಿತ್ತು, ಇನ್ನೂ ಬೀಳುತ್ತಿತ್ತು. ಕುದುರೆಗಳು ಬೆನ್ನ ಮೇಲೆ ಬಿಳಿ ಹೊತ್ತುಕೊಂಡು ಸುಮ್ನೆ ನಿಂತಿದ್ದವು. ನಾನು ಬ್ಯಾಗ್ ಹೆಗಲಿಗೇರಿಸಿದೆ, ಎಜೆ ಬಂದು ಅದನ್ನು ಹೆಗಲಿಂದ ಕಿತ್ತು ಒಳಗೆ ಇಟ್ಟಳು. ಮಾತಿಲ್ಲ. ಫೋನಿನಲ್ಲಿ ವಿಮಾನದ ಟಿಕೆಟ್ ತೋರಿಸಿದೆ, ಅವಳು ಕಣಿವೆ ಕಡೆ ನೋಡಿ, ಟಿಕೆಟ್ ನೋಡಿ, ಚಹಾ ಬಗ್ಗಿಸಿದಳು. ಮಧ್ಯಾಹ್ನ ಒಂದಕ್ಕೆ ಮೋಡ ಸ್ವಲ್ಪ ತೆರೆಯಿತು. ಅವಳ ಮಗ ಎರಡು ಕುದುರೆಗೆ ಜೀನು ಬಿಗಿದ, 2,500 ಸೋಮ್. ಚೌಕಾಸಿ ಮಾಡಲಿಲ್ಲ. ಹೊರಡುವಾಗ ಎಜೆ ಒಂದು ಹಿಡಿ ಕುರುತ್ ಕೈಗೆ ತುರುಕಿದಳು, ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ, ಕಲ್ಲಿನಷ್ಟು ಗಟ್ಟಿ.

ಕುದುರೆ ಬೇಡ ಅಂದಿದ್ದವನು ಹೀಗೆ ಕುದುರೆ ಮೇಲೆ ಇಳಿದೆ. ಕಿಝಾರ್ಟ್ ಮುಟ್ಟಿದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು, ತೊಡೆ ಎರಡೂ ಮರಗಟ್ಟಿದ್ದವು. ಆ ದಾರಿಯಲ್ಲಿ ಆ ಹೊತ್ತಿಗೆ ಗಾಡಿ ತೆಗೆಯೋಕೆ ಯಾರೂ ಒಪ್ಪಲಿಲ್ಲ, ಅವರದು ತಪ್ಪಲ್ಲ. ಒಬ್ಬರ ಮನೆಯಲ್ಲಿ ಮಲಗಿಸಿಕೊಂಡರು. ಭಾನುವಾರ ನಾನು ಬ್ರೆಡ್ಡಿಗೆ ಜಾಮ್ ಹಚ್ಚಿಕೊಳ್ಳುವಾಗ ವಿಮಾನ ದೆಹಲಿಯಲ್ಲಿ ಇಳಿದಿರಬೇಕು.

ಹೊಸ ಟಿಕೆಟ್‌ಗಳಿಗೆ, ದೆಹಲಿ ಮತ್ತು ಬೆಂಗಳೂರು ಸೇರಿ, 31,000 ಚಿಲ್ಲರೆ. ಹನ್ನೆರಡು ದಿನದ ಇಡೀ ಪ್ರವಾಸಕ್ಕೆ ಖರ್ಚಾಗಿದ್ದು 18,000ದ ಒಳಗೆ. ಜೊತೆಗೆ ಎರಡು ದಿನ ಸಂಬಳ ಕಟ್. ಇದೆಲ್ಲ 400 ಸೋಮ್ ಉಳಿಸೋಕೆ, ಅದೂ ಉಳಿಯಲಿಲ್ಲ.

ಈಗ ನಿಮ್ಮ ಪ್ಲಾನ್. ಓಶ್ ತೆಗೆದುಹಾಕಿ. ಬಿಷ್ಕೆಕ್‌ನಿಂದ 600 ಕಿಲೋಮೀಟರ್‌ಗಿಂತ ಜಾಸ್ತಿ, ಬೆಟ್ಟದ ದಾರಿ, ಹೋಗೋಕೆ ಒಂದು ದಿನ ಬರೋಕೆ ಒಂದು ದಿನ. ನನ್ನ ಕೇಳಿದರೆ ಕಾರಾಕೋಲ್, ಸೋಂಗ್-ಕುಲ್ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ. ಹನ್ನೆರಡು ದಿನಕ್ಕೆ ಒಂದು ಕಡೆ ಧಾರಾಳ, ಎರಡು ಕಡೆ ಅಂದರೆ ಓಟ. ‘ಇಷ್ಟು ದೂರ ಹೋಗಿ ಅದನ್ನೂ ನೋಡದೆ ಬರೋದಾ’ ಅಂತೀರಿ, ಗೊತ್ತು, ನಾನೂ ಅಂದಿದ್ದೆ.

ವಿಮಾನದ ಹಿಂದಿನ ಪೂರ್ತಿ ಎರಡು ದಿನ ಬಿಷ್ಕೆಕ್‌ನಲ್ಲಿ ಖಾಲಿ ಇಡಿ. ಒಂದು ಅಲ್ಲ, ಎರಡು. ಓಶ್ ಬಜಾರ್ ಸುತ್ತಿ (ಹೆಸರು ಓಶ್, ಇರೋದು ಬಿಷ್ಕೆಕ್‌ನಲ್ಲೇ), ಮನೆಗೆ ಒಣಹಣ್ಣು ಕೊಳ್ಳಿ. ವೈದ್ಯಕೀಯ ಓದೋಕೆ ಬಂದ ನಮ್ಮ ಹುಡುಗರು ಸಾವಿರಾರು ಜನ ಇದ್ದಾರೆ ಅಲ್ಲಿ, ಅನ್ನ ಸಾರು ಸಿಗುವ ಜಾಗ ಅವರಿಗೆ ಗೊತ್ತಿರುತ್ತೆ. ಆ ಎರಡು ದಿನ ಬೇಜಾರಾದರೆ ಆಗಲಿ.

ದಿನದ ಲೆಕ್ಕ ಬಿಡಿ, ಒಟ್ಟು ಮೊತ್ತ ಒಂದೇ ಇಟ್ಟುಕೊಳ್ಳಿ. ಅದರಲ್ಲಿ ಒಂದು 10,000ವನ್ನು ಬೇರೆ ಲಕೋಟೆಗೆ ಹಾಕಿ, ಗಾಡಿ ಸಿಕ್ಕಾಗ ಮರುಮಾತಿಲ್ಲದೆ ಹತ್ತೋಕೆ. ಡಾಲರ್ ನೋಟು ಹೊಸದು, ಮಡಿಕೆ ಇಲ್ಲದ್ದು ಒಯ್ಯಿರಿ. ಸೋಮ್ ಮಾಡಿಸೋದು ಬಿಷ್ಕೆಕ್‌ನಲ್ಲಿರುವಾಗಲೇ, ಮೇಲೆ ಹತ್ತಿದ ಮೇಲೆ ಏಟಿಎಂ ಇಲ್ಲ, ನಾನು ಹೋದಾಗ ನೆಟ್‌ವರ್ಕೂ ಇರಲಿಲ್ಲ. 2019ರಲ್ಲಿ ನನ್ನ ವೀಸಾ ಆನ್‌ಲೈನ್‌ನಲ್ಲೇ ಆಗಿತ್ತು, ನೀವು ವಾಪಸ್ ದಿನಾಂಕಕ್ಕಿಂತ ನಾಲ್ಕು ದಿನ ಹೆಚ್ಚಿಗೆ ಕೇಳಿ. ನನ್ನದು ಎರಡು ದಿನ ಉಳಿದಿತ್ತು, ಇಲ್ಲದಿದ್ದರೆ ಈ ಕಥೆ ಇನ್ನೂ ಉದ್ದ ಆಗ್ತಿತ್ತು.

ಟೆಂಟ್ ಬೇಡ. ಪಶ್ಚಿಮ ಘಟ್ಟದಲ್ಲಿ ನಾಲ್ಕು ಸಲ ಟೆಂಟ್ ಹಾಕಿದ ಅನುಭವ ಅಲ್ಲಿ ಉಪಯೋಗಕ್ಕೆ ಬರಲ್ಲ, ಚಳಿಯೇ ಬೇರೆ. ಯರ್ಟ್‌ನಲ್ಲಿ ಉಳಿಯಿರಿ, ಕೇಳಿದಷ್ಟು ಕೊಡಿ. ಆದರೆ ಸ್ಲೀಪಿಂಗ್ ಬ್ಯಾಗ್ ಇರಲಿ, ರಾತ್ರಿ ಎರಡರ ಮೇಲೆ ಒಲೆ ಆರಿಹೋಗುತ್ತೆ. ಕೊಳ್ಳೋಕೆ ಹೋಗಬೇಡಿ. ನನ್ನದು ಇದೆ, ಬೆಂಗಳೂರಿನಲ್ಲಿದ್ದರೆ ಮೆಸೇಜ್ ಮಾಡಿ, ಬಂದು ಒಯ್ಯಿರಿ. ಎರಡು ಸಲ ಒಗೆಸಿದ್ದೀನಿ, ಬೆರಣಿ ಹೊಗೆ ವಾಸನೆ ಮಾತ್ರ ಹೋಗಿಲ್ಲ.