ಹೆಡ್‌ಫೋನ್ ಹಾಕಿದಾಗ ಮಾತ್ರ ಗ್ರಾಮಫೋನ್ ತಟ್ಟೆ ಚಟಪಟ ಅನ್ನುತ್ತದೆ, ಯಾಕೆ?

ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಇವತ್ತು ಹೆಚ್ಚಿನ ಜಾಗ ಅದಕ್ಕೇ. ಉಳಿದವಕ್ಕೆ ಚಿಕ್ಕ ಉತ್ತರ ಸಾಕು. ಟರ್ನ್‌ಟೇಬಲ್, ಅಂದರೆ ತಟ್ಟೆ ನುಡಿಸುವ ಯಂತ್ರ, ಜೋಡಿಸುವುದು ಹೇಗೆ, ಯಾವ ವಯರು ಎಲ್ಲಿಗೆ ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಯಂತ್ರದ ಜತೆ ಬಂದ ಪುಸ್ತಕದಲ್ಲಿದೆ, ದಯವಿಟ್ಟು ಓದಿ.

ಪ್ರಶ್ನೆ: ಸ್ಪೀಕರ್‌ನಲ್ಲಿ ನನ್ನ ಎಲ್‌ಪಿ ತಟ್ಟೆಗಳು ಚೆನ್ನಾಗಿಯೇ ಕೇಳುತ್ತವೆ. ಹೆಡ್‌ಫೋನ್ ಹಾಕಿದ ಕೂಡಲೇ ಚಟಪಟ ಸದ್ದು, ಅದರ ಹಿಂದೆ ಗುಡುಗುಡು ಅಂತ ಇನ್ನೊಂದು ಸದ್ದು. ಹೆಡ್‌ಫೋನ್ ಕೆಟ್ಟಿದೆಯಾ? ದುಬಾರಿ ಕೇಬಲ್ ಹಾಕಿದರೆ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು.

ಉತ್ತರ: ಹೆಡ್‌ಫೋನ್ ಕೆಟ್ಟಿಲ್ಲ. ಕೇಬಲ್‌ಗೆ ದುಡ್ಡು ಹಾಕಬೇಡಿ. ತಟ್ಟೆಯಿಂದಲೇ ಏಳುವ ಸದ್ದನ್ನು ಯಾವ ಕೇಬಲ್ಲೂ ಸೋಸುವುದಿಲ್ಲ. ಹಾಗಂತ ಹೇಳಿ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸ್ಪೀಕರ್‌ನಲ್ಲೂ ಆ ಸದ್ದು ಇದ್ದೇ ಇತ್ತು. ಕೋಣೆ ಅದನ್ನು ನುಂಗುತ್ತಿತ್ತು, ಅಷ್ಟೇ.

ಯಾಕೆ ಅಂತ ತಿಳಿಯಲು ಗ್ರೂವ್ ಒಳಗೆ, ಅಂದರೆ ಮುಳ್ಳು ಓಡುವ ಸುರುಳಿ ಕಾಲುವೆಯೊಳಗೆ ಇಳಿಯಬೇಕು. 1950ರ ದಶಕದ ಕೊನೆಯಲ್ಲಿ ಸ್ಟೀರಿಯೊ ತಟ್ಟೆಗಳು ಬಂದಾಗ, ಒಂದೇ ಗ್ರೂವ್‌ನಲ್ಲಿ ಎರಡು ಚಾನೆಲ್ ಕೂರಿಸಬೇಕಿತ್ತು. ಗ್ರೂವ್‌ಗೆ ಎರಡು ಗೋಡೆ, ಒಂದೊಂದೂ 45 ಡಿಗ್ರಿ ಓರೆ. ಒಂದು ಗೋಡೆಯಲ್ಲಿ ಎಡ ಚಾನೆಲ್, ಇನ್ನೊಂದರಲ್ಲಿ ಬಲ. ಮುಳ್ಳು ಅಡ್ಡಡ್ಡ ಆಡಿದರೆ ಎರಡೂ ಕಡೆ ಒಂದೇ ಸದ್ದು. ಮೇಲೆ ಕೆಳಗೆ ಆಡಿದರೂ ಎರಡೂ ಕಡೆ ಸದ್ದು ಬರುತ್ತದೆ, ಆದರೆ ತಿರುಗುಮುರುಗು. ಎಡಗಡೆಯ ಸ್ಪೀಕರಿನ ಪೊರೆ ಮುಂದೆ ಬಂದಾಗ ಬಲಗಡೆಯದು ಹಿಂದೆ ಸರಿಯುತ್ತದೆ.

ಈಗ ಯಾವುದು ಎಲ್ಲಿದೆ ನೋಡಿ. ನಡುವಿನಿಂದ ಕೇಳುವ ಹಾಡುಗಾರರ ದನಿ ಅಡ್ಡ ಚಲನೆಯಲ್ಲಿದೆ. ತಟ್ಟೆ ಕೊರೆಯುವವರು ಆಳದ ಬೇಸ್ ಅನ್ನೂ ಬೇಕೆಂದೇ ಅಲ್ಲೇ ಇಡುತ್ತಾರೆ. ಇಲ್ಲದಿದ್ದರೆ ಮುಳ್ಳು ಗ್ರೂವ್ ಬಿಟ್ಟು ಎಗರುತ್ತದೆ. ಹಾಗಾದರೆ ಮೇಲೆ ಕೆಳಗೆ ಆಡಿಸುವ ಮಂದ್ರ ಸದ್ದು ಯಾವುದು? ಸೊಟ್ಟಗಾದ ತಟ್ಟೆ, ಬೇರಿಂಗ್‌ನ ನಡುಕ, ಮೋಟಾರಿನ ನಡುಕ. ಬಹುತೇಕ ಎಲ್ಲವೂ ಬೇಡದ್ದೇ. ಧೂಳಿನ ಕಣವೂ ಮುಳ್ಳನ್ನು ಮೇಲಕ್ಕೆತ್ತಿ ಹಾಕುತ್ತದೆ.

ಕೋಣೆಯಲ್ಲಿ ಎರಡು ಸ್ಪೀಕರ್‌ಗಳಿಂದ ಈ ತಿರುಗುಮುರುಗು ಸದ್ದು ಹೊರಟಾಗ ಗಾಳಿಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಆಳದ ಸದ್ದಿನಲ್ಲಂತೂ ಇದು ಚೆನ್ನಾಗಿ ನಡೆಯುತ್ತದೆ. 30 ಹರ್ಟ್ಸ್‌ನ ಒಂದು ಅಲೆಯ ಉದ್ದ 11 ಮೀಟರಿಗೂ ಜಾಸ್ತಿ, ಅದರ ಮುಂದೆ ಎರಡು ಸ್ಪೀಕರ್‌ಗಳ ನಡುವಿನ ದೂರ ಏನೂ ಅಲ್ಲ. ಸಣ್ಣ ಸ್ಪೀಕರ್ ಆದರೆ 30 ಹರ್ಟ್ಸ್ ಅನ್ನು ನುಡಿಸುವುದೂ ಕಷ್ಟ. ಹೆಡ್‌ಫೋನ್‌ನಲ್ಲಿ ಇದ್ಯಾವುದೂ ಇಲ್ಲ. ಎಡದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಎರಡೂ ಗಾಳಿಯಲ್ಲಿ ಸೇರುವುದೇ ಇಲ್ಲ, ಹಾಗಾಗಿ ಅಳಿಸಿಯೂ ಹೋಗುವುದಿಲ್ಲ. ಫ್ಯಾನಿನ ಸದ್ದು, ಹೊರಗಿನ ಗಲಾಟೆ ಸಣ್ಣ ಚಟಪಟವನ್ನು ಮುಚ್ಚುತ್ತಿತ್ತಲ್ಲ, ಕಿವಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಆ ಮುಚ್ಚಳವೂ ಹೋಯಿತು.

ಇನ್ನೊಂದು ಕಾರಣವೂ ಇದೆ. 1954ರಿಂದ ಬಳಕೆಗೆ ಬಂದ ಆರ್‌ಐಎಎ (ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ) ಕ್ರಮದಂತೆ, ತಟ್ಟೆ ಕೊರೆಯುವಾಗ ಬೇಸ್ ತಗ್ಗಿಸುತ್ತಾರೆ. ನುಡಿಸುವಾಗ ಫೋನೋ ಪ್ರಿಆಂಪ್ (ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ದೊಡ್ಡದು ಮಾಡುವ ಸಾಧನ) ಅದನ್ನು ವಾಪಸ್ ಎತ್ತುತ್ತದೆ. 20 ಹರ್ಟ್ಸ್‌ನಲ್ಲಿ ಆ ಎತ್ತುವಿಕೆ ಹತ್ತಿರ ಹತ್ತಿರ 20 ಡೆಸಿಬೆಲ್, ಅಂದರೆ ಸುಮಾರು ಹತ್ತು ಪಟ್ಟು. ಸಂಗೀತದ ಬೇಸ್ ಜತೆ ಬೇರಿಂಗ್‌ನ ಗುಡುಗುಡುವೂ ಹತ್ತು ಪಟ್ಟಾಗುತ್ತದೆ.

ಇಷ್ಟು ತಿಳಿದ ಮೇಲೆ ದುಡ್ಡಿಲ್ಲದ ಒಂದು ಪರೀಕ್ಷೆ ಮಾಡಿ. ಆಂಪ್ಲಿಫೈಯರ್‌ನಲ್ಲಿ ಎರಡು ಚಾನೆಲ್ ಒಂದು ಮಾಡುವ ಮೋನೊ ಬಟನ್ ಇದ್ದರೆ ಒತ್ತಿ. ಇಲ್ಲದಿದ್ದರೆ ಒಂದು ಹಾಡನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಮೋನೊ ಮಾಡಿ ಕೇಳಿ. ಎರಡು ಚಾನೆಲ್ ಸೇರಿದಾಗ ಮೇಲೆ ಕೆಳಗಿನ ಸದ್ದು ಅಳಿಸಿಹೋಗುತ್ತದೆ. ಗುಡುಗುಡು ಥಟ್ಟನೆ ಇಳಿಯಿತಾ? ಹಾಗಾದರೆ ಕಾರಣ ತಟ್ಟೆಯ ಸೊಟ್ಟು ಅಥವಾ ಬೇರಿಂಗ್. ಮೋನೊ ಕಾಲದ ಹಳೆಯ ಎಲ್‌ಪಿಗಳನ್ನಂತೂ ಯಾವಾಗಲೂ ಮೋನೊ ಬಟನ್ ಒತ್ತಿಯೇ ಕೇಳಿ. ಹೆಡ್‌ಫೋನ್‌ನಲ್ಲಿ ಅವು ಬೇರೆಯೇ ತಟ್ಟೆ ಅನ್ನಿಸುತ್ತವೆ. ಈ ಸುಖವನ್ನು ಎಷ್ಟೋ ಜನ ಸುಮ್ನೆ ಕಳೆದುಕೊಳ್ಳುತ್ತಿದ್ದಾರೆ.

ಆಮೇಲೆ ಮುಳ್ಳನ್ನು ಮೇಲಕ್ಕೆತ್ತಿ ಕೇಳಿ. ಗುಂಯ್ ಅನ್ನುವ ಸದ್ದು ಆಗಲೂ ಇದ್ದರೆ ಅದು ಕರೆಂಟಿನದು, ಅರ್ತ್ ವಯರ್ ನೋಡಿ. ಮುಳ್ಳು ಇಳಿಸಿದಾಗ ಮಾತ್ರ ಬಂದರೆ ಯಂತ್ರದ್ದು ಅಥವಾ ತಟ್ಟೆಯದು. ಚಟಪಟಕ್ಕೂ ಲೆಕ್ಕವಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸರಿಯಾಗಿ ಅಷ್ಟೇ ಹೊತ್ತಿಗೊಮ್ಮೆ ಟಿಕ್ ಅಂದರೆ ಅದು ಗೀರು, ತೊಳೆದರೂ ಹೋಗದು. ಲೆಕ್ಕವಿಲ್ಲದೆ ಬಂದರೆ ಧೂಳು ಅಥವಾ ಸ್ಟ್ಯಾಟಿಕ್. ಅದಕ್ಕೆ ಮದ್ದಿದೆ.

ಮದ್ದು ಈ ಕ್ರಮದಲ್ಲಿ ಆಗಲಿ. ಮೊದಲು ಮುಳ್ಳು. ಹಿಂದಿನಿಂದ ಮುಂದಕ್ಕೆ ಮಾತ್ರ ಬ್ರಷ್ ಎಳೆಯಿರಿ, ಅಡ್ಡ ಎಳೆದರೆ ಮುರಿಯುತ್ತದೆ. ಎಷ್ಟೋ ಸಲ ಇಡೀ ದೂರು ಇಲ್ಲಿಗೇ ಮುಗಿಯುತ್ತದೆ. ಆಮೇಲೆ ತಟ್ಟೆಯನ್ನು ಒದ್ದೆಯಾಗಿ ತೊಳೆಯಿರಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳು ಹೋಗುವುದಿಲ್ಲ, ಸ್ಟ್ಯಾಟಿಕ್ ಹುಟ್ಟಿ ಇನ್ನಷ್ಟು ಅಂಟುತ್ತದೆ. ಮೂರನೆಯದು ಮುಳ್ಳಿನ ಭಾರ. ಬಹಳಷ್ಟು ಕಾರ್ಟ್ರಿಜ್‌ಗಳಿಗೆ (ಮುಳ್ಳು ಕೂರಿಸಿದ ಪುಟ್ಟ ತಲೆ) 1.5ರಿಂದ 2 ಗ್ರಾಂ. ಕಣ್ಣಳತೆ ಬೇಡ, ಪುಟ್ಟ ತಕ್ಕಡಿಯಲ್ಲಿ ತೂಗಿ. ಭಾರ ಕಡಿಮೆ ಇದ್ದರೆ ತಟ್ಟೆ ಉಳಿಯುತ್ತದೆ ಅನ್ನುವುದು ತಪ್ಪು. ಹಗುರಾದ ಮುಳ್ಳು ಎಗರಿ ಎಗರಿ ಗೋಡೆಗೆ ಬಡಿಯುತ್ತದೆ, ಅದರಿಂದಲೇ ಹಾಳು ಜಾಸ್ತಿ. ಇಷ್ಟಾದ ಮೇಲೂ ಗುಡುಗುಡು ಉಳಿದರೆ, ಸಬ್‌ಸಾನಿಕ್ ಫಿಲ್ಟರ್ ಇರುವ ಪ್ರಿಆಂಪ್ ನೋಡಿ. ಅದು 20 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗಿರುವುದನ್ನು ಕತ್ತರಿಸುತ್ತದೆ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇಲ್ಲಿ ಮಾಡಿ.

ಪ್ರಶ್ನೆ: ಹಾಡು ಶುರುವಾಗುವ ಮುಂಚೆಯೇ ಅದೇ ಹಾಡು ಪಿಸುಮಾತಿನಂತೆ ಕೇಳುತ್ತದೆ. ಹೆಡ್‌ಫೋನ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ಇದಕ್ಕೆ ಪ್ರಿ ಎಕೋ ಅನ್ನುತ್ತಾರೆ. ಜೋರು ಸದ್ದಿರುವ ಗ್ರೂವ್ ಪಕ್ಕದ ಸುತ್ತಿನ ಗೋಡೆಯನ್ನು ಸ್ವಲ್ಪ ಒತ್ತಿರುತ್ತದೆ. ಆ ಪಕ್ಕದ ಸುತ್ತಿನಲ್ಲಿ ಮುಳ್ಳು ಹೋಗುವಾಗ ಮುಂದಿನ ಸುತ್ತಿನ ನೆರಳು ಕೇಳುತ್ತದೆ. ಎಲ್‌ಪಿಯಲ್ಲಿ ಸುಮಾರು 1.8 ಸೆಕೆಂಡ್ ಮುಂಚೆ ಕೇಳಿದರೆ ಅದು ಗ್ರೂವ್‌ನದು. ಆ ಲೆಕ್ಕಕ್ಕೆ ಸಿಗದಿದ್ದರೆ ಧ್ವನಿಮುದ್ರಣದ ಮೂಲ ಟೇಪಿನಲ್ಲೇ ಇದ್ದಿರಬಹುದು, ಸುತ್ತಿಟ್ಟ ಟೇಪ್ ಪಕ್ಕದ ಸುತ್ತಿಗೆ ತನ್ನ ಅಚ್ಚು ಹಚ್ಚುತ್ತದೆ. ಎರಡಕ್ಕೂ ಮದ್ದಿಲ್ಲ.

ಪ್ರಶ್ನೆ: ಫೋನಿಗಿಂತ ತಟ್ಟೆಯ ಸದ್ದು ಸಣ್ಣ. ವಾಲ್ಯೂಮ್ ಪೂರ್ತಿ ಇಟ್ಟರೆ ತೊಂದರೆಯಾ?

ಉತ್ತರ: ತೊಂದರೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ. 90 ಡೆಸಿಬೆಲ್ ಆದರೆ ಬರೀ 4 ಗಂಟೆ. ನಾನು ಇನ್ನೂ ಬಿಗಿ. ವಾಲ್ಯೂಮ್ ಸೊನ್ನೆಗೆ ತಂದು ಹೆಡ್‌ಫೋನ್ ಕತ್ತಿಗಿಳಿಸಿ, ಮುಳ್ಳು ಗ್ರೂವ್‌ನಲ್ಲಿ ಕೂತ ಮೇಲೆ ಹಾಕಿಕೊಂಡು ನಿಧಾನಕ್ಕೆ ಏರಿಸುತ್ತೇನೆ. ಮುಳ್ಳು ಬಿದ್ದಾಗಿನ ಆ ಧಡ್ ಅನ್ನುವ ಸದ್ದು ನೇರ ಕಿವಿಯೊಳಗೆ ಹೋಗುತ್ತದೆ. ಚಟಪಟವನ್ನು ಹಾಡಿನಿಂದ ಮುಚ್ಚೋಣ ಅಂತ ವಾಲ್ಯೂಮ್ ಏರಿಸಿದರೆ ಎರಡೂ ಏರುತ್ತವೆ, ಅಲ್ವಾ?

ಪ್ರಶ್ನೆ: ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಚಟಪಟವನ್ನು ತೆಗೆಯುತ್ತದೆಯಾ?

ಉತ್ತರ: ಇಲ್ಲ. ಅದು ಕೋಣೆಯ ಸದ್ದನ್ನು ತಗ್ಗಿಸುತ್ತದೆ, ತಟ್ಟೆಯದನ್ನಲ್ಲ.

ಪ್ರಶ್ನೆ: ಟರ್ನ್‌ಟೇಬಲ್‌ನ ಕೆಂಪು ಬಿಳಿ ವಯರಿಗೆ ಹೆಡ್‌ಫೋನ್ ನೇರ ಜೋಡಿಸಬಹುದಾ?

ಉತ್ತರ: ಬೇಡ. ಸಾಮಾನ್ಯ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ಅದರಲ್ಲಿ ಏನೂ ಕೇಳುವುದಿಲ್ಲ.

ಪ್ರಶ್ನೆ: ಮುಳ್ಳು ಜಾರುತ್ತದೆ, ಅದರ ತಲೆಯ ಮೇಲೆ ನಾಣ್ಯ ಇಡಲಾ?

ಉತ್ತರ: ಇಡಬೇಡಿ. 2 ಗ್ರಾಂ ಹೊರಬೇಕಾದ ಗ್ರೂವ್ ಮೇಲೆ ಇನ್ನಷ್ಟು ಗ್ರಾಂ ಹೇರಿದರೆ ಸವೆಯುವುದು ನಿಮ್ಮ ತಟ್ಟೆಯೇ.

ಪ್ರಶ್ನೆ: 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಹೆಡ್‌ಫೋನ್‌ನಲ್ಲಿ ಸ್ವಚ್ಛವಾಗಿ ಕೇಳುತ್ತದಂತೆ, ನಿಜವಾ?

ಉತ್ತರ: ಖಂಡಿತ ಮಾಡಬೇಡಿ. ಹಳೆಯ 78ಗಳಲ್ಲಿ ಹೆಚ್ಚಿನವು ಅರಗಿನವು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ನನ್ನ ತಟ್ಟೆಯೊಂದನ್ನು ಒಬ್ಬರು ತಾವು ಇದರಲ್ಲಿ ಪಳಗಿದವರು ಅಂತ ತೊಳೆದುಕೊಡಲು ಒಯ್ದರು. ವಾಪಸ್ ಬಂದಾಗ ಅದರ ಹೊಳಪು ಹೋಗಿ ಮಂಕಾಗಿತ್ತು. ಮುಳ್ಳು ಇಟ್ಟರೆ ಬರೀ ಸುಯ್ ಅನ್ನುವ ಸದ್ದು. ಆ ಹಾಡು ನನಗೆ ಮತ್ತೆ ಸಿಕ್ಕಿಲ್ಲ. ಅರಗಿನ ತಟ್ಟೆಗೆ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಮೆದು ಸೋಪು, ಕೂಡಲೇ ಒರೆಸುವುದು. ಅಷ್ಟೇ.

ಪ್ರಶ್ನೆ: ರಾತ್ರಿ ಹೆಡ್‌ಫೋನ್‌ನಲ್ಲಿ ಎಲ್‌ಪಿ ಕೇಳುತ್ತಾ ನಿದ್ದೆ ಹೋಗುತ್ತೇನೆ. ಪರವಾಗಿಲ್ಲವಾ?

ಉತ್ತರ: ತೋಳು ತಾನಾಗಿ ಎದ್ದು ವಾಪಸ್ ಹೋಗುವ ಯಂತ್ರವಾದರೆ ಪರವಾಗಿಲ್ಲ. ಇಲ್ಲದಿದ್ದರೆ ಮುಳ್ಳು ಬೆಳಗಿನ ತನಕ ಕೊನೆಯ ಖಾಲಿ ಗ್ರೂವ್‌ನಲ್ಲೇ ಸುತ್ತುತ್ತಾ ಸವೆಯುತ್ತದೆ. ಮಲಗುವ ಹೊತ್ತಿಗೆ ಫೋನಿನಲ್ಲೇ ಹಾಡು ಕೇಳಿ.